ಲಾಳ ಸವೆಯದ ಕುದುರೆ

ಕುದುರೆ ಮುಗ್ಗರಿಸಬಹುದಿತ್ತು. ಮದುಮಗ ಉರುಳಬಹುದಿತ್ತು, ಮೊದಲು ಪೇಟ, ಆಮೇಲೆ ಅವನು. ಅದಿರಿನ ಲಾರಿಯೊಂದು ಕಿವಿಯ ಹತ್ತಿರವೇ ಹಾರನ್ ಹೊಡೆಯಬಹುದಿತ್ತು. ಪಟಾಕಿ ಸರ ಕಾಲಡಿಗೆ ಬೀಳಬಹುದಿತ್ತು. ಹೊಸ ಲಾಳ ಕಳಚಬಹುದಿತ್ತು. ಇದೇನೂ ಆಗದಿದ್ದರೆ ನನಗೆ ಎದೆನೋವಾದರೂ ಬರಬಹುದಿತ್ತು. ಸಿರುಗುಪ್ಪದ ಮೆರವಣಿಗೆಗೆ ಹೊರಡುವ ಮುನ್ನ ಕುರುಗೋಡಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇಷ್ಟನ್ನೂ ಒಪ್ಪಿಸಿದೆ. ಹೆಂಡತಿ, "ಮಳಿ ಒಂದು ಮರತ್ರಿ ನೋಡ್ರಿ" ಎಂದಳು. ಅದನ್ನೂ ಸೇರಿಸಿಕೊಂಡೆ.

ಗಣಿಯ ಭರಾಟೆಯ ವರ್ಷಗಳವು. ನಾಲ್ಕು ಲಾರಿ ಕಂಡ ಮನೆಯವರಿಗೆಲ್ಲ ಮಗನ ಮದುವೆಗೆ ಬಿಳಿ ಕುದುರೆ ಬೇಕಿತ್ತು, ನನ್ನ ಹತ್ತಿರ ಒಂದಿತ್ತು. ಹಿಂದಿನ ವರ್ಷ ಮದುವೆಯಿಂದ ಮದುವೆಗೆ ಓಡುವ ಅವಸರದಲ್ಲಿ ಆರು ತಿಂಗಳು ಅದರ ಲಾಳ ಬಿಚ್ಚಿಸಲಿಲ್ಲ. ಎಲ್ಲಕ್ಕೂ ಹೆದರುವ ನಾನು ದಿನಾ ಬಗ್ಗಿ ನೋಡುತ್ತಿದ್ದೆ, ಲಾಳ ಸವೆದಿಲ್ಲವೆಂದು ನಿರಾಳನಾಗುತ್ತಿದ್ದೆ. ಲಾಳದ ಮೇಲಿನ ಗೊರಸನ್ನು ಮಾತ್ರ ನೋಡಲಿಲ್ಲ. ಅದು ಜರತಾರಿ ಜೋಡಿನ ಮೂತಿಯಂತೆ ಮುಂದಕ್ಕೆ ಚಾಚಿ, ಪಕ್ಕಕ್ಕೆ ಹರಡಿ, ಹಿಂಭಾಗ ಕುಸಿದು ಕೂತಿತ್ತು. ಕುದುರೆ ಗೇಣು ಗೇಣು ಹೆಜ್ಜೆ ಇಡುತ್ತಿತ್ತು. ಅದನ್ನು ನಾನು ಮೆರವಣಿಗೆಯ ಗತ್ತು ಎಂದುಕೊಂಡಿದ್ದೆ. ಒಂದು ದಿನ ಸಮನೆಲದಲ್ಲೇ ಮುಗ್ಗರಿಸಿ ಮೊಣಕಾಲೂರಿತು.

ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಲಾಳ ಕಟ್ಟುವ ಚಾಚಾ ಬಂದರು. ಕಾಲೆತ್ತಿ ನೋಡಿ, ನನ್ನನ್ನು ನೋಡಿದರು.

"ಇದನ್ನ ಬಿಚ್ಚಿಸಿ ಎಷ್ಟು ದಿನ ಆತ್ರೀ?"

"ಲಾಳ ಇನ್ನಾ ಸವದಿಲ್ಲಲ್ಲ ಚಾಚಾ..."

"ಚಪ್ಪಲಿ ಸವದಿಲ್ಲಂತ ನೀವು ಕಾಲುಗುರು ತಗಿಯಾದು ಬಿಡ್ತೀರೇನು?"

"ಬಿಟ್ಟಾರ ಚಾಚಾ, ಬೇಕಂದ್ರ ನೋಡ್ರಿ!" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

ಇವತ್ತೇ ಎಲ್ಲ ಕತ್ತರಿಸಿಬಿಡಿ ಎಂದು ಅಂಗಲಾಚಿದೆ.

"ಒಮ್ಮಿಗೇ ಕೊಯ್ದ್ರ ಕುಂಟತೈತಿ. ಮೂತಿ ಸ್ವಲ್ಪ ಸ್ವಲ್ಪ ಉಜ್ಜಬೇಕು, ಮ್ಯಾಲಿಂದ ಹೊಸಾ ಗೊರಸು ಇಳದು ಬರಬೇಕು. ನಾಕು ವಾರಕ್ಕೊಮ್ಮಿ ನಾ ಬರ್ತೀನಿ. ಅಲ್ಲೀತನಕ ಮದಿವಿ ಬಂದ್."

"ಸರಿ ಹೋಗತೈತೇನು?"

"ಕುದುರಿ ಸರಿ ಹೋಗತೈತಿ. ನಿಮ್ಮದು ಹೇಳಾಕ ಬರಂಗಿಲ್ಲ."

ಸರಿ ಹೋಗದಿದ್ದರೆ ಮಾರಲೇಬೇಕಿತ್ತು. ಮದುವೆಯಿಲ್ಲದ ಕುದುರೆಯನ್ನು ಸಾಕುವ ತಾಕತ್ತು ನನಗಿರಲಿಲ್ಲ. ಆ ವರ್ಷವೆಲ್ಲ ಚಾಚಾ ಅರದಿಂದ ಉಜ್ಜಿದರು, ನಾನು ಹೆಬ್ಬೆರಳಿಟ್ಟು ಅಳೆದೆ. ಹೊಸ ಗೊರಸು ಅಕ್ಕಿಕಾಳಿನಷ್ಟು ಇಳಿದ ದಿನ ನೆರೆಮನೆಗೂ ಚಹಾ ಕೊಡಿಸಿದೆ. "ಮಗಳು ಹುಟ್ಟಿದಾಗ ಸೈತ ಇಷ್ಟು ಅಳತಿ ಮಾಡಿರಲಿಲ್ಲ ಇವರು" ಎಂದು ಹೆಂಡತಿ ಓಣಿಗೆಲ್ಲ ಹೇಳಿಬಂದಳು.

ಕೊನೆಗೆ ಚಾಚಾ ಹೊಸ ಲಾಳ ಹೊಡೆದು "ಇನ್ನ ಹೋಗ್ರಿ" ಎಂದರು. ಅದೇ ವಾರ ಸಿರುಗುಪ್ಪದ ಮದುವೆ.

ಬೆಳಗಿನ ಬಿಸಿಲಲ್ಲಿ ಬಾಜಾ ಶುರುವಾಯಿತು. ನಾನು ಲಗಾಮು ಹಿಡಿದು, ತಲೆ ಬಗ್ಗಿಸಿ, ಮುಂಗಾಲುಗಳನ್ನೇ ನೋಡುತ್ತ ನಡೆದೆ. ಹೆಜ್ಜೆ ನೀಳವಾಗಿ ಬಿತ್ತು. ಇನ್ನೊಂದೂ ಹಾಗೇ. ಟಕ್, ಟಕ್, ಸಮನಾಗಿ, ಹಗುರಾಗಿ! ಲಾರಿ ಹಾರನ್ ಹೊಡೆಯಿತು, ಪಟಾಕಿ ಸಿಡಿಯಿತು, ಕುದುರೆ ಕಿವಿಯನ್ನಷ್ಟೇ ಆಡಿಸಿತು. ಖುಷಿಗೆ ನನ್ನ ಕಾಲುಗಳೂ ಚುರುಕಾದವು. ಮದುಮಗ ಮೇಲಿನಿಂದ ಏನೋ ಹೇಳುತ್ತಿದ್ದ. ನನಗೆ ಗೊರಸಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಕಲ್ಯಾಣಮಂಟಪದ ಬಾಗಿಲಲ್ಲಿ ತಲೆಯೆತ್ತಿದೆ. ಎದುರಿಗೆ ಹೆಣ್ಣಿನ ತಂದೆ, ಅರ್ಧ ಗಡ್ಡ ಬೋಳಿಸಿದ, ಅರ್ಧ ಸೋಪಿನ ಮುಖದಲ್ಲಿ ನಿಂತಿದ್ದರು. ಅವರ ಹಿಂದೆ ಎಣ್ಣೆ ಹಾಕದ ಆರತಿ ತಟ್ಟೆ ಹಿಡಿದ ಹೆಂಗಸು ನಮ್ಮ ಹಿಂದಿನ ಖಾಲಿ ರಸ್ತೆಯನ್ನು ನೋಡಿದಳು.

"ನೀವಿಬ್ರ ಬಂದ್ರೇನ್ರೀ? ದಿಬ್ಬಣ ಎಲ್ಲೈತಿ?"