ಹಿಂದಿನ ಬೀದಿಯ ಕಲ್ಲುಬೆಂಚು

ನಮ್ಮ ಹಿಂದಿನ ಬೀದಿಯ ಹಿಟ್ಟಿನ ಗಿರಣಿಯ ಎದುರು ಒಂದು ಕಲ್ಲುಬೆಂಚು ಬಂದಿದೆ. ಶಿವಾರಪಟ್ಟಣದಲ್ಲಿ ದೇವರನ್ನು ಕಡೆಯುವ ಕೈಗಳೇ ಕಡೆದದ್ದು. ಸಂಜೆ ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತದೆ. ಹೇಗೆ ಗೊತ್ತೆಂದು ಕೇಳಬೇಡಿ, ಯಾರೂ ಇಲ್ಲದಾಗ ಮುಟ್ಟಿ ನೋಡಿದ್ದೇನೆ. ಅದರ ನೆತ್ತಿಯ ಮೇಲೊಂದು ದೊಡ್ಡ ದೀಪ, ಪಕ್ಕದಲ್ಲಿ ಹೆಂಗಸರು ಶೆಟಲ್ ಆಡಲೆಂದು ಕಟ್ಟಿದ ಬಲೆ. ಮನುಷ್ಯನಿಗೆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಗುವುದನ್ನು ನೀವು ಬಲ್ಲಿರಿ, ಮಿತ್ರರೇ. ನನಗೆ ಒಂದು ಬೆಂಚಿನ ಮೇಲೆ.

ಇವೆಲ್ಲ ಬಂದದ್ದು ಒಂದು ಸಣ್ಣ ಅನುದಾನದಿಂದ. ಕಳ್ಳತನ, ಪುಂಡಾಟಿಕೆ ಕಡಿಮೆಯಾಗಲು ಬೀದಿಯವರೇ ಕೂಡಿ ಏನಾದರೂ ಮಾಡಿಕೊಳ್ಳುವುದಾದರೆ ನೆರವು ಕೊಡುತ್ತೇವೆಂದು ಕಳೆದ ವರ್ಷ ಕೋಲಾರದ ಸೇವಾಸಂಸ್ಥೆಯೊಂದು ಹೇಳಿತು, ತಾಲ್ಲೂಕಿಗೆ ಒಂದರಂತೆ. ಮಾಲೂರಿನವರು ಅದರಲ್ಲಿ ವ್ಯಾಯಾಮಶಾಲೆ ಮಾಡಿಕೊಂಡರಂತೆ. ಕೇಳಿ ನನಗೆ ಸಂತೋಷವೇ ಆಯಿತು. ಹೊಟ್ಟೆಕಿಚ್ಚು ಅಷ್ಟು ದೂರ ಪ್ರಯಾಣ ಮಾಡುವುದಿಲ್ಲ, ಅದಕ್ಕೆ ಕೂಗಳತೆಯೊಳಗಿನವರೇ ಬೇಕು. ನಮ್ಮ ಮುಳಬಾಗಿಲಿನಲ್ಲಿ ಅರ್ಜಿ ಹಾಕಿದ್ದು ಎರಡೇ ಬೀದಿ. ನಮ್ಮ ಬೀದಿಯದನ್ನು ಬರೆದವನು ತಾಲ್ಲೂಕು ಕಚೇರಿಯಲ್ಲಿ ಅರ್ಜಿಗಳ ನಡುವೆಯೇ ತಲೆ ನರೆಸಿಕೊಂಡ ನಾನು. ಹಿಂದಿನ ಬೀದಿಯದನ್ನು ಬರೆದವರು ಏಳನೇ ಕ್ಲಾಸು ಓದಿದ ಗಿರಣಿಯ ರತ್ನಮ್ಮ.

"ತಲತಲಾಂತರದಿಂದ ಸಭ್ಯ ಕುಟುಂಬಗಳೇ ನೆಲೆಸಿರುವ ಈ ಬೀದಿಯಲ್ಲಿ ಇಂದಿನವರೆಗೆ ಒಂದೇ ಒಂದು ಅಪರಾಧವೂ ಘಟಿಸಿರುವುದಿಲ್ಲ" ಎಂದು ನನ್ನ ಅರ್ಜಿಯ ಆರಂಭ. ಇನ್ನೇನು ಬರೆಯಲಿ? ನಮ್ಮಲ್ಲಿ ಮನೆಗೊಬ್ಬರು ಮದುವೆಗೆ ಬಂದ ಮಕ್ಕಳು. ಕಳ್ಳಕಾಕರ ಬೀದಿ ಎಂದು ಹೆಸರಾದರೆ ಶ್ರೀನಿವಾಸಪುರದಿಂದ ಹೆಣ್ಣು ನೋಡಲು ಬಂದವರು ಹೊಸ್ತಿಲಲ್ಲೇ ಹಿಂದಿರುಗುತ್ತಾರೆ. ಓದಿ ಹೇಳಿದಾಗ ಇಡೀ ಬೀದಿ ತಲೆದೂಗಿತು. ಪರಿಶೀಲನೆಗೆ ಬಂದ ಹುಡುಗಿ ಮಾತ್ರ ಹಾಳೆಗಳನ್ನು ತಿರುವಿ ತಿರುವಿ ನೋಡಿ, "ಸಾರ್, ತೊಂದ್ರೆನೇ ಇಲ್ಲ ಅಂತ ಬರ್ದಿದೀರ. ಮತ್ತೆ ನಾವು ಕಮ್ಮಿ ಮಾಡೋದು ಏನನ್ನ?" ಎಂದಳು.

ರತ್ನಮ್ಮ ಹರಿದ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಪಟ್ಟಿ ಕೊಟ್ಟಿದ್ದರಂತೆ: ಮೋರಿಕಟ್ಟೆಯ ಮೇಲೆ ಕುಡಿಯುವವರು, ಕಳುವಾದ ಬೈಕುಗಳು, ಟ್ಯೂಷನ್ನಿಗೆ ಹೋಗುವ ಹೆಣ್ಣುಮಕ್ಕಳ ಬೆನ್ನು ಹತ್ತುವವರು, ಇನ್ನೂ ಏನೇನೋ. ಮಾನ ಬಿಟ್ಟು ಬರೆದದ್ದಕ್ಕೆ ಬಹುಮಾನವೇ ಎಂದು ವಾರಗಟ್ಟಲೆ ಉರಿದೆ. "ಏಮಿ ಸಾರ್, ದೂರದಿಂದ್ಲೇ ನೋಡ್ತೀರ, ಬಂದು ಕೂತ್ಕೊಳ್ಳಿ. ಬೆಂಚೇನು ನಮ್ಮಪ್ಪಂದಾ?" ಎಂದು ಆಕೆ ಗಿರಣಿಯಿಂದಲೇ ಕರೆದಾಗ ಆ ಔದಾರ್ಯಕ್ಕೂ ಉರಿದೆ.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ನನ್ನ ಹೆಂಡತಿ ಶಾರದೆ. ಸಂಜೆಯಾದರೆ ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದವಳು ಈಗ ದಿನವೂ ಅಲ್ಲಿ ಹೋಗಿ ಕೂರುತ್ತಾಳೆ, ಅವಳು ನಗುವುದು ನಮ್ಮ ಹಿತ್ತಲಿಗೆ ಕೇಳಿಸುತ್ತದೆ. ನನ್ನ ಮನೆಯೊಳಗೆ ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

ಹೆದರಿಕೆಯ ಕಾರಣವನ್ನು ಇಷ್ಟು ಹೊತ್ತು ನಿಮ್ಮಿಂದಲೂ ಮುಚ್ಚಿಟ್ಟೆ, ಅಭ್ಯಾಸಬಲ, ಕ್ಷಮಿಸಿ. ಅರ್ಜಿ ಬರೆಯುವ ಎರಡು ತಿಂಗಳ ಮೊದಲು, ನಮ್ಮ ಬೀದಿಯಲ್ಲೇ, ನಮ್ಮ ಮನೆಗೆ ನಾಲ್ಕು ಮನೆ ಆಚೆ, ಬೈಕಿನಲ್ಲಿ ಬಂದವನೊಬ್ಬ ಅವಳ ಕತ್ತಿನ ಸರ ಕಿತ್ತುಕೊಂಡು ಹೋಗಿದ್ದ. ನಡುಗುತ್ತ ಒಳಬಂದವಳಿಗೆ ನಾನು ಆಡಿದ ಮೊದಲ ಮಾತು, "ಯಾರೂ ನೋಡ್ಲಿಲ್ಲ ತಾನೆ?" ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು. ಸರವನ್ನು ಪಾಲಿಶಿಗೆ ಕೊಟ್ಟಿದೆ ಎಂದು ಹೇಳು ಎಂದೆ. ಅವಳು ಕೇಳಿದವರಿಗೆಲ್ಲ ಹಾಗೆಯೇ ಹೇಳಿದಳು.

ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಆ ರತ್ನಮ್ಮನ ಹತ್ರ ಅಂಥದ್ದೇನಿದೆ ಅಂತ ದಿನಾ ಓಡ್ತೀಯ?"

ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಅವ್ರ ಪಟ್ಟೀಲಿ ಮೊದಲ್ನೇದು ನನ್ನ ಸರ ಕಣ್ರೀ. ರಾಗಿ ಬೀಸಿಸೋಕೆ ಹೋದಾಗ ಕತ್ತಿನ ಗಾಯ ನೋಡಿ ಏನಾಯ್ತಕ್ಕಾ ಅಂದ್ರು. ಅತ್ತುಬಿಟ್ಟೆ. ಆಮೇಲೆ ಅರ್ಜಿ ಬರೆಯೋವಾಗ, ನಮ್ಮನೆಯವ್ರಿಗೆ ಅವಮಾನ ಆಗುತ್ತೆ, ನಮ್ಮ ಬೀದಿ ಹೆಸರು ಹಾಕ್ಬೇಡಿ ಅಂದೆ. ನಮ್ಮ ಗಿರಣಿ ಬೀದೀಲೇ ಆಯ್ತು ಅಂತ ಬರ್ಕೋತೀನಿ ಬಿಡಕ್ಕ ಅಂದ್ರು."

ಅವಳ ಪಕ್ಕ ನೆಲದ ಮೇಲೆ ಕೂತೆ. ಆಮೇಲೆ, ಒಂದು ವರ್ಷ ತಡವಾಗಿ, "ಅವತ್ತು ಹೇಗಾಯ್ತು, ಹೇಳು ಶಾರದಾ" ಎಂದೆ.

"ಅಲ್ಲಿ ಹೇಳಿ ಆಯ್ತಲ್ಲ, ಬಿಡಿ" ಎಂದು ಅವಳು ಸೊಪ್ಪಿನ ಮೊರವನ್ನು ನನ್ನ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಗೆ ಹೊರಟಳು.