ಬಳ್ಳಿಗೆ ನೋಯದ ಹಗ್ಗ

ಹೆಗ್ಗದ್ದೆಯಲ್ಲಿ ನಮ್ಮ ಪಕ್ಕದ ತೋಟದ ಯಜಮಾನರು ಏನು ಕೊಳ್ಳುವಾಗಲೂ ಅದನ್ನು ಮೊದಲು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ದನದ ಹಗ್ಗವಾಗಲಿ, ಗೋಣಿಚೀಲವಾಗಲಿ, "ನೋವಾಗ್ತದೆ ಕಣ್ರೀ" ಎಂದು ಅರ್ಧ ಅಂಗಡಿಯನ್ನು ತಳ್ಳಿಬಿಡುತ್ತಿದ್ದರು.

ತೋಟದ ಮರಗಳ ನಡುವೆ ಹೆಂಡತಿಗೊಂದು ಜೋಲಿ ಕಟ್ಟಬೇಕೆಂದು ನನ್ನನ್ನೂ ಸಕಲೇಶಪುರಕ್ಕೆ ಎಳೆದೊಯ್ದರು. ಅಂಗಡಿಯವನು ಲಾರಿಗೆ ಬಿಗಿಯುವ ನೈಲಾನ್ ಹಗ್ಗ ಮುಂದಿಟ್ಟ. ಮನುಷ್ಯರು ಮಲಗುವುದಕ್ಕೆ ಅದೇ ಸರಿ ಎಂದು ನಾನೂ ಹೇಳಿದೆ.

"ಒರಟು. ಬಳ್ಳಿಗೆ ನೋವಾಗ್ತದೆ ಕಣ್ರೀ."

ಅವರು ಆರಿಸಿದ್ದ ಎರಡೂ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಬೇರೆ ಮರ ನೋಡೋಣ ಎಂದರೆ, ಅಲ್ಲಿಂದಲೇ ಕಣಿವೆ ಚೆಂದ ಕಾಣುತ್ತದಂತೆ! ಕೊನೆಗೆ ಕೆನ್ನೆಗೆ ಹಿತವಾದ ಒಂದು ಸಣ್ಣ ಹತ್ತಿ ಹಗ್ಗ ಹಿಡಿದರು.

"ಅದು ಬಟ್ಟೆ ಒಣಗಾಕೋದು ಸ್ವಾಮಿ," ಎಂದ ಅಂಗಡಿಯವನು.

"ನನ್ನ ಹೆಂಡ್ತಿ ಒದ್ದೆ ಬಟ್ಟೆಗಿಂತ ಭಾರ ಇಲ್ಲ ಮಾರಾಯ!"

ಅದೇ ಸಂಜೆ ಆಕೆ ಜೋಲಿಯಲ್ಲಿ ಕಾಲು ಚಾಚಿದ್ದೇ ತಡ, ತಲೆಯ ಕಡೆಯ ಹಗ್ಗ ಹರಿಯಿತು. ಇಳಿಜಾರಿನಲ್ಲಿ ಉರುಳಿದವರನ್ನು ಕಣಿವೆಯಂಚಿನ ಕೊನೆಯ ಕಾಫಿಗಿಡ ತಡೆಯಿತು. ಆ ಗಿಡ ಬೇರುಸಮೇತ ಹೊರಕ್ಕೆ ವಾಲಿದ್ದು ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ನಾನು ಜಾರುತ್ತಾ ಇಳಿದು ಆಕೆಯ ಕೈ ಹಿಡಿದೆ. ಪತಿರಾಯರು ಮೇಲೆ ನಿಂತು ಬಳ್ಳಿಯನ್ನು ಸವರುತ್ತಿದ್ದರು.

"ರೀ, ಬಳ್ಳಿ ಬದುಕೈತಾ?" ಎಂದು ಆಕೆ ಕೂಗಿದರು.

"ಐತೆ ಕಣೇ, ಏನೂ ಆಗಿಲ್ಲ," ಎಂದರು ಇವರು, ನಿಜವಾದ ಸಮಾಧಾನದಿಂದ.

"ಹಂಗಾದ್ರೆ ಇವತ್ತಿಂದ ಅದ್ರ ಕೈಲೇ ಅಡುಗೆ ಮಾಡಿಸ್ಕಳಿ!"

ದನಿ ಗಟ್ಟಿಯಾಗಿಯೇ ಇತ್ತು. ಆದರೆ ಮನೆಯ ಮೆಟ್ಟಿಲು ಮುಟ್ಟುವವರೆಗೂ ಆಕೆ ನನ್ನ ಕೈ ಬಿಡಲಿಲ್ಲ.