ಹೊತ್ತದ್ದಾ, ಓದಿದ್ದಾ?

ನಮ್ಮ ಗ್ರಂಥಾಲಯದ ಗೋಡೆಯ ಮೇಲೆ ‘ದಯವಿಟ್ಟು ಮೌನವಾಗಿರಿ’ ಎಂಬ ಫಲಕವಿತ್ತು. ಸರಿಯಾಗಿ ಅದರ ಕೆಳಗೆ ಕುಳಿತು ಬೊಬ್ಬೆ ಹೊಡೆಯುತ್ತಿದ್ದವರು ಶೀನಣ್ಣ. ಬೊಬ್ಬೆ ಎಂದರೆ ಜಗಳದ್ದಲ್ಲ, ಅವರ ಸಾದಾ ಮಾತೇ ಹಾಗೆ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ, ಲಾರಿಗೆ ಸರಳು ಬೀಳುವ ಸದ್ದಿನ ನಡುವೆ ನೌಕರಿ ಮಾಡಿ ಮುಗಿಸಿದವರು ಅವರು. ಪಿಸುಮಾತು ಎಂಬುದು ಮನುಷ್ಯರಿಗೆ ಸಾಧ್ಯವಿದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಯಾರಾದರೂ ಮೆಲ್ಲಗೆ ಮಾತಾಡಿದರೆ, “ಎಂತ, ಹುಷಾರಿಲ್ವಾ?” ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದರು.

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಹಪ್ಪಳದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕನ್ನಡ ಸಂಘದ ಗ್ರಂಥಾಲಯ. ಎರಡು ಕೋಣೆ, ಒಂದು ಫ್ಯಾನು, ಗೋಡೆ ತುಂಬ ಪುಸ್ತಕ. ನಿವೃತ್ತರಾದ ಮೇಲೆ ಭಾನುವಾರದ ಮೇಜನ್ನು ಶೀನಣ್ಣ ತಾವೇ ವಹಿಸಿಕೊಂಡರು. ಪುಸ್ತಕ ಒಯ್ಯುವವರಿಗೆ ಅವರಿಂದ ಯಾವ ತೊಂದರೆಯೂ ಇರಲಿಲ್ಲ. ತೊಂದರೆಯಿದ್ದದ್ದು ವಾಪಸ್ ತರುವವರಿಗೆ. ಠಸ್ಸೆಯನ್ನು ಮೇಲೆತ್ತಿ ಹಿಡಿದು, ಹೊಡೆಯುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಿದ್ದರು. “ಕೊನೆಗೆ ಆ ಹುಡುಗಿ ಗಂಡನ ಮನೆಗೆ ಹೋದಳಾ, ಇಲ್ಲವಾ?”

ಉತ್ತರ ಬಂದರೆ ಠಸ್ಸೆ ಬೀಳುತ್ತಿತ್ತು. ತಡವರಿಸಿದರೆ ಇಡೀ ಮಹಡಿಗೆ ಕೇಳುವಂತೆ ಇನ್ನೊಂದು ಪ್ರಶ್ನೆ: “ಹೊತ್ತದ್ದಾ, ಓದಿದ್ದಾ?”

ಲಾರಿಯವನೂ ಹೊರುತ್ತಾನೆ, ಅದರಿಂದ ಅವನ ಮನೆ ಕಟ್ಟಿದಂತಾಗುವುದಿಲ್ಲ ಎನ್ನುವುದು ಅವರ ವಾದ. ಓದದೆ ತಂದವರು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯಬೇಕಾಗಿತ್ತು. ಕೆಲವರು ಪುಸ್ತಕ ಹಿಂದಿರುಗಿಸುವುದಕ್ಕೆಂದೇ ಶೀನಣ್ಣ ಇಲ್ಲದ ಬುಧವಾರ ಬರಲು ಶುರು ಮಾಡಿದ್ದರು.

ಅದೇ ಭಾನುವಾರ ಸಂಜೆ ಅಲ್ಲಿ ನಮ್ಮ ಬರೆಯುವವರ ಬಳಗ ಕೂಡುತ್ತಿತ್ತು. ಕಾಮೋಠೆಯಿಂದ ನಾನು, ಕಲ್ಯಾಣದಿಂದ ಕುಲಕರ್ಣಿ ಸರ್, ಠಾಣೆಯ ಬ್ಯಾಂಕು, ಹೋಟೆಲು, ಆಫೀಸುಗಳಿಂದ ಇನ್ನು ಕೆಲವರು. ಬಳಗಕ್ಕೆ ಶೀನಣ್ಣ ಮಾಡಿದ್ದ ಕಾನೂನು ಒಂದೇ: ಬರೆದವರು ತಮ್ಮದನ್ನು ತಾವೇ ಓದಬಾರದು. ಬೇರೆಯವರು ಓದಬೇಕು, ಬರೆದವರು ಮೂಲೆಯಲ್ಲಿ ನಿಂತು ಎಲ್ಲರಿಗೂ ಚಹಾ ಬಗ್ಗಿಸಬೇಕು. “ನೀನೇ ಓದಿದ್ರೆ ಇಲ್ಲದ ಕಡೆಯೆಲ್ಲ ದನಿಯಲ್ಲಿ ತೇಪೆ ಹಾಕ್ತಿ, ಮಾರಾಯ್ತಿ. ಪುಸ್ತಕ ಅಂಗಡಿಗೆ ಹೋದ ಮೇಲೆ ಅದರ ಹಿಂದೆ ನೀನು ಹೋಗ್ಲಿಕ್ಕೆ ಆಗ್ತದಾ?”

ಕಾನೂನೇನೋ ಒಳ್ಳೆಯದೇ. ನನ್ನ ಗ್ರಹಚಾರಕ್ಕೆ, ನಾನು ಮೊದಲ ಸಲ ತಂದ ಬರಹವನ್ನು ಅವರೇ ಕೈಗೆತ್ತಿಕೊಂಡರು. ತೀರಿಕೊಂಡ ನನ್ನ ಅಜ್ಜಿಯ ಬಗ್ಗೆ ಕಣ್ಣು ಒದ್ದೆ ಮಾಡಿಕೊಂಡು ಬರೆದದ್ದು ಅದು. ಅವರು ಅದನ್ನು ಕ್ರೇನಿನವನಿಗೆ ಸೂಚನೆ ಕೊಡುವ ದನಿಯಲ್ಲಿ ಓದಿದರು. ಅಜ್ಜಿ ಕಣ್ಣು ಮುಚ್ಚುವ ಹೊತ್ತಿಗೆ ಕೆಳಗಿನ ಹಪ್ಪಳದ ಅಂಗಡಿಯಾತ ಓಡಿ ಬಂದು, “ಕಾಯ್ ಝಾಲಂ? ಭಾಂಡಣ್ ಆಹೆ ಕಾ?” ಎಂದು ವಿಚಾರಿಸಿದ. ಜಗಳವಲ್ಲ, ಸಾಹಿತ್ಯ ಎಂದು ಅವನಿಗೆ ತಿಳಿಹೇಳುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ಓದಿ ಮುಗಿಸಿದ ಶೀನಣ್ಣ ಕನ್ನಡಕ ತೆಗೆದು, “ಅಜ್ಜಿ ಒಳ್ಳೆಯವರು. ಆದ್ರೆ ಲಾರಿ ಓವರ್‌ಲೋಡ್ ಆಗಿದೆ. ಕಣ್ಣೀರು ಸ್ವಲ್ಪ ಇಳಿಸು” ಎಂದರು. ಸಿಟ್ಟು ಬಂತು. ಮನೆಗೆ ಹೋಗಿ ಕೂತು ಇಳಿಸಿದೆ, ಬರಹ ನಿಜಕ್ಕೂ ಸುಧಾರಿಸಿತು. ಅದಕ್ಕೂ ಸಿಟ್ಟು ಬಂತು.

ನಮ್ಮ ಪುಸ್ತಕಗಳನ್ನು ನಾವೇ ಅಚ್ಚು ಹಾಕಿಸಬೇಕೆಂಬ ಹುಚ್ಚು ಹತ್ತಿಸಿದವರೂ ಅವರೇ. “ಪ್ರಕಾಶಕರನ್ನು ಕಾಯ್ತಾ ಕೂತ್ರೆ ನಾವು ಸತ್ತು ನಮ್ಮ ಬೊಜ್ಜದ ದಿನ ಬಿಡುಗಡೆ ಆದೀತು” ಎನ್ನುತ್ತಿದ್ದರು. ಒಬ್ಬೊಬ್ಬರಾಗಿ ಎಲ್ಲರ ಪುಸ್ತಕಗಳೂ ಹೊರಬಂದ ಮೇಲೆ ಅವರ ಸರದಿ ಬಂತು. ‘ಕಳಂಬೋಲಿಯ ಲಾರಿಗಳು’ ಎಂದು ಹೆಸರಿಟ್ಟು ತಮ್ಮ ಬದುಕಿನ ಕಥೆ ಬರೆದಿದ್ದರು. ಉಡುಪಿ ಕಡೆಯ ಬಾಲ್ಯ, ಅಮ್ಮ, ಮುಂಬಯಿಗೆ ಬಂದದ್ದು, ಕಬ್ಬಿಣ, ಮದುವೆ, ಎಲ್ಲವೂ ಅದರಲ್ಲಿತ್ತು. ನಾವು ಓದಿ ನೋಡುತ್ತೇವೆ ಎಂದರೆ ಅಚ್ಚಾಗುವ ಮೊದಲು ಯಾರಿಗೂ ತೋರಿಸಲಿಲ್ಲ. ಎಲ್ಲರಿಗೂ ಕಾನೂನು ಹೇಳುವ ಮನುಷ್ಯ ತನ್ನ ಪುಸ್ತಕದ ವಿಷಯ ಬಂದಾಗ ಮದುಮಗಳ ಹಾಗೆ ನಾಚುತ್ತಿದ್ದರು.

ಕಲ್ಯಾಣದ ಪ್ರೆಸ್ಸಿನಲ್ಲಿ ಕನ್ನಡ ಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ನಾವೆಲ್ಲ ಪುಟಸಂಖ್ಯೆಗಳನ್ನು ಇಂಗ್ಲಿಷ್ ಅಂಕಿಯಲ್ಲೇ ಹಾಕಿಸಿದ್ದೆವು. ಶೀನಣ್ಣ ಒಪ್ಪಲಿಲ್ಲ. “ಕನ್ನಡ ಪುಸ್ತಕಕ್ಕೆ ಕನ್ನಡದ್ದೇ ಅಂಕಿ. ಹೋಳಿಗೆಗೆ ಯಾರಾದರೂ ಕೆಚಪ್ ಹಾಕಿಕೊಳ್ತಾರಾ?” ಪ್ರೆಸ್ಸಿನವನು, “ಕಾಕಾ, ನಂಬರ್ ಇಂಗ್ರಜೀತ್ ಟಾಕಾ ನಾ” ಎಂದು ಗೋಗರೆದ. ಕಾಕಾ ಜಗ್ಗಲಿಲ್ಲ.

ಬಿಡುಗಡೆಯ ಸಂಜೆ ಗ್ರಂಥಾಲಯ ತುಂಬಿತ್ತು. ಬಟಾಟೆವಡೆ ಇತ್ತು, ಶಾಲು ಇತ್ತು, ಮೊದಲ ಸಾಲಿನಲ್ಲಿ ಶೀನಣ್ಣನ ಹೆಂಡತಿ ಗಿರಿಜಕ್ಕ ಇದ್ದರು. ಕಾನೂನಿನ ಪ್ರಕಾರ ಲೇಖಕರು ಚಹಾದ ಮೂಲೆಯಲ್ಲಿ ನಿಂತಿದ್ದರು. ಪುಸ್ತಕದ ನಡುವಿನ ಒಂದು ಭಾಗವನ್ನು ಓದುವ ಕೆಲಸ ನನ್ನದು. ಹುಡುಗ ಶೀನ ಊರು ಬಿಡುವ ಪ್ರಸಂಗ. “ಬಸ್ಸು ಹೊರಟಿತು. ಅಮ್ಮ ಕೈಬೀಸುತ್ತ ನಿಂತಿದ್ದಳು. ನಾನು ಕಿಟಕಿಯಿಂದ” ಎಂದು ಓದಿ ಬಲಗಡೆಯ ಪುಟಕ್ಕೆ ಹೋಗಿ ಮುಂದುವರಿಸಿದೆ: “ಚಿತೆಗೆ ಬೆಂಕಿ ಕೊಟ್ಟು ಹಿಂದಕ್ಕೆ ನೋಡದೆ ನಡೆದೆ.”

ಪುಟದ ತುದಿ ನೋಡಿದೆ. ನಲವತ್ತೆಂಟರ ನಂತರ ಎಂಬತ್ತೊಂದು ಬಂದಿತ್ತು. ಕನ್ನಡ ಅಂಕಿ ಗೊತ್ತಿಲ್ಲದ ಬೈಂಡರ್ ಹದಿನಾರು ಪುಟಗಳ ಎರಡು ಮಡಿಕೆಗಳನ್ನು ಅದಲು ಬದಲು ಮಾಡಿ ಹೊಲಿದಿದ್ದ. ಏನು ಮಾಡಲಿ ಎಂದು ತಲೆಯೆತ್ತಿದರೆ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಕುಲಕರ್ಣಿ ಸರ್ ಎದ್ದೇ ನಿಂತಿದ್ದರು. “ಏನ್ ಜಿಗಿತರೀ ಇದು! ಬಸ್ಸಿನಿಂದ ಸೀದಾ ಚಿತೆಗೆ! ಇದಕ್ಕ ಅಂತಾರ ತಂತ್ರ ಅಂತ.”

ಮೂಲೆಯಲ್ಲಿ ಶೀನಣ್ಣ ಕೈಯಲ್ಲಿ ಥರ್ಮಾಸ್ ಹಿಡಿದು ಕಲ್ಲಾಗಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅವರು ಮೌನಕ್ಕೆ ಸನ್ನೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಜನ ಪುಸ್ತಕ ಹಿಡಿದುಕೊಂಡು ಹೋದ ಮೇಲೆ ಉಳಿದ ಪ್ರತಿಗಳನ್ನು ತೆರೆದು ನೋಡಿದೆ, ಎಲ್ಲವೂ ಹಾಗೇ ಇದ್ದವು. “ಶೀನಣ್ಣ, ಎಲ್ಲರಿಗೂ ಫೋನ್ ಮಾಡಿ ವಾಪಸ್ ತರಿಸೋಣ, ಸರಿಯಾಗಿ ಹೊಲಿಸೋಣ” ಎಂದೆ. ಅವರು ಖಾಲಿ ಕುರ್ಚಿಗಳನ್ನು ಮಡಚತೊಡಗಿದರು.

“ಬೇಡ ಮಾರಾಯ್ತಿ. ಓದಿದವರಿಗೆ ಗೊತ್ತಾಗಿಯೇ ಆಗ್ತದೆ. ಅವರೇ ಬಂದು ಹೇಳ್ತಾರೆ, ಆಗ ಸರಿಮಾಡಿ ಕೊಡುವ. ನೀನು ಮಾತ್ರ ಬಾಯಿ ಬಿಡಬೇಡ.”

ಜಂಭದಿಂದಲೇ ಹೇಳಿದರು. ಓದಿದವರು ಹತ್ತಾರು ಜನ ಇರುತ್ತಾರೆಂದು ಅವರಿಗೆ ಖಾತ್ರಿಯಿತ್ತು.

ಫೋನುಗಳು ಬಂದವು. ತುಂಬಾ ಚೆನ್ನಾಗಿದೆ, ಒಂದೇ ಗುಕ್ಕಿಗೆ ಓದಿದೆ, ಕಣ್ಣಲ್ಲಿ ನೀರು ಬಂತು. ವಾಟ್ಸಾಪಿನಲ್ಲಿ ಹೆಬ್ಬೆರಳುಗಳ ಸಾಲು. ಕುಲಕರ್ಣಿ ಸರ್ ಸಂಘದ ಪತ್ರಿಕೆಯಲ್ಲಿ ಪುಸ್ತಕದ ‘ಜಿಗಿತದ ತಂತ್ರ’ದ ಬಗ್ಗೆ ಉದ್ದಕ್ಕೆ ಬರೆದರು. ಪುಟಗಳು ಹಿಂದುಮುಂದಾಗಿವೆ ಎಂದವರು ಒಬ್ಬರೂ ಇಲ್ಲ. ಪ್ರತಿ ಭಾನುವಾರ ನಾನು ಹುಬ್ಬೆತ್ತಿ ಕೇಳುತ್ತಿದ್ದೆ, ಅವರು ತಲೆಯಲ್ಲಾಡಿಸುತ್ತಿದ್ದರು. ನನಗೆ ಮೊದಮೊದಲು ನಗು ಬರುತ್ತಿತ್ತು. ಒಂದು ಭಾನುವಾರ ಅವರು ವಾಪಸ್ ಬಂದ ಪುಸ್ತಕಗಳಿಗೆ ಏನೂ ಕೇಳದೆ ಸುಮ್ಮನೆ ಠಸ್ಸೆ ಹೊಡೆಯುವುದನ್ನು ಕಂಡೆ.

“ಪ್ರಶ್ನೆ ಎಲ್ಲಿ ಹೋಯ್ತು ಶೀನಣ್ಣ?”

“ಬಿಡು. ಹೊರುವುದಾದ್ರೂ ಹೊರಲಿ ಪಾಪ.”

ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹುಷಾರಿಲ್ವಾ ಎಂದು ನಾನೇ ಕೇಳಬೇಕಾಯಿತು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಶಾಲೂ ಅಲ್ಲ, ಚಪ್ಪಾಳೆಯೂ ಅಲ್ಲ. ಒಬ್ಬರು, ಒಬ್ಬರೇ ಒಬ್ಬರು, ಪುಸ್ತಕವನ್ನು ಕೊನೆಯವರೆಗೆ ಓದಬೇಕಿತ್ತು. ನನಗೆ ತುಂಬ ಸಂಕಟವಾಯಿತು.

ಗಿರಿಜಕ್ಕನ ಮೇಲೆ ಆಸೆ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅವರು ಬಿಲ್ಡಿಂಗಿನ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದರು. ಗಂಡ ಯಾವ ಪುಸ್ತಕ ತೋರಿಸಿದರೂ ಸೂಜಿಯಿಂದ ಕಣ್ಣೆತ್ತದೆ, “ಎಂಕ್ ಪುರುಸೊತ್ತು ಇಜ್ಜಿ” ಎಂದು ತುಳುವಿನಲ್ಲಿ ಮುಗಿಸುತ್ತಿದ್ದರು. ಈ ಪುಸ್ತಕಕ್ಕೂ ಪುರುಸೊತ್ತಿಲ್ಲದ ಅದೇ ಮರ್ಯಾದೆ ಸಿಕ್ಕಿತ್ತು.

ದೀಪಾವಳಿಗೆ ಮೊದಲು ನನ್ನದೊಂದು ಸೀರೆ ಕೊಡಲು ಅವರ ಮನೆಗೆ ಹೋಗಿದ್ದೆ. ಶೀನಣ್ಣ ಬಾಲ್ಕನಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಗಿರಿಜಕ್ಕ ಸೀರೆ ತೆಗೆದುಕೊಂಡವರೇ ನನ್ನ ಮೇಲೆ ಹರಿಹಾಯ್ದರು.

“ಅಲ್ಲ ಸುಮಾ, ನೀವೆಲ್ಲ ಸೇರಿ ಇವರ ಪುಸ್ತಕವನ್ನು ಎಂತ ಮಾಡಿ ಇಟ್ಟಿದ್ದೀರಿ? ನಮ್ಮ ಅತ್ತೆ ತೀರಿಕೊಂಡ ಮೇಲೆ ಉಪ್ಪಿನಕಾಯಿ ಹೇಗೆ ಕಳಿಸಿದ್ದು? ನಾನು ಮದುವೆಗೆ ಮೊದಲೇ ಇವರ ಹತ್ತಿರ ಜಗಳ ಮಾಡಿ ಮಾತು ಬಿಟ್ಟಿದ್ದೇನೆ! ಮೊದಲು ನಾನು ಇವರಿಗೆ ಮರೆವು ಅಂತ ಬಿಟ್ಟೆ. ಮತ್ತೆ ಪುನಃ ಮೊದಲಿಂದ ಓದಿದೆ. ಇದು ಹಿಂದೆಮುಂದೆ ಮಾಡಿ ಹೊಲಿದದ್ದು!”

ಬಾಲ್ಕನಿಯಲ್ಲಿ ಪೇಪರ್ ಕೆಳಗೆ ಬಿತ್ತು. ಶೀನಣ್ಣ ಬಾಗಿಲಲ್ಲಿ ಬಂದು ನಿಂತರು. “ಏನೆಂದಿ? ಪುನಃ ಓದಿದಿಯಾ? ಹೊತ್ತದ್ದಲ್ಲ ತಾನೇ? ಓದಿದ್ದಾ?” ಎಂದು ಕೂಗಿದ ಕೂಗಿಗೆ ಎದುರು ಮನೆಯವರು ಬಾಗಿಲು ತೆರೆದು ನೋಡಿದರು. ಗಿರಿಜಕ್ಕ, “ಕೂಗಬೇಡಿ, ಸೊಸೈಟಿಯವರು ನೋಟಿಸು ಹಾಕ್ತಾರೆ” ಎಂದು ಬೈದು ಒಳಗೆ ಹೋದರು. ಶೀನಣ್ಣ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಗಿರಿಜಕ್ಕ ಆ ಪ್ರತಿಯ ಬೆನ್ನು ಬಿಚ್ಚಿ, ಮಡಿಕೆಗಳನ್ನು ಸರಿಯಾಗಿ ಜೋಡಿಸಿ, ಫಾಲ್ ಹಚ್ಚುವ ದಾರದಿಂದಲೇ ಹೊಲಿದರು. ಹಸಿರು ಸೀರೆಯ ಕೆಲಸ ನಡೆಯುತ್ತಿದ್ದ ದಿನವಾದ್ದರಿಂದ ದಾರ ಹಸಿರಾಗಿತ್ತು. ಉಳಿದವರಿಗೂ ಈಗ ಹೇಳಿಬಿಡಿ ಎಂದರೆ ಶೀನಣ್ಣ ಒಪ್ಪಲಿಲ್ಲ. “ಹೇಳಿದ್ರೆ ಎಲ್ಲರೂ ಆ ಪುಟ ಮಾತ್ರ ತೆಗೆದು ನೋಡ್ತಾರೆ. ನನಗೆ ಸಿಗಬೇಕಾದವರು ಸಿಕ್ಕಿದ್ರು.” ಮುಂದಿನ ಭಾನುವಾರ ಠಸ್ಸೆ ಮತ್ತೆ ಗಾಳಿಯಲ್ಲಿ ನಿಂತಿತು, ಪ್ರಶ್ನೆ ಹಪ್ಪಳದ ಅಂಗಡಿಯವರೆಗೆ ಕೇಳಿತು, ಓದದವರು ಮತ್ತೆ ಬುಧವಾರಕ್ಕೆ ಓಡಿದರು.

ಕಳೆದ ಮಳೆಗಾಲಕ್ಕೆ ಮೊದಲು ಶೀನಣ್ಣ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಜೀವಮಾನವಿಡೀ ಗದ್ದಲ ಮಾಡಿದ ಮನುಷ್ಯ ಹೋಗುವಾಗ ಪಕ್ಕದ ಕೋಣೆಗೂ ಕೇಳಿಸದೆ ಹೋದರು.

ಗ್ರಂಥಾಲಯದಲ್ಲಿ ಶ್ರದ್ಧಾಂಜಲಿ ಸಭೆ. ಎಲ್ಲರೂ ಪುಸ್ತಕವನ್ನು ಹೊಗಳಿದರು. ಕುಲಕರ್ಣಿ ಸರ್ ಗದ್ಗದಿತರಾಗಿ, “ಅವರ ಆ ಜಿಗಿತದ ತಂತ್ರ ಕನ್ನಡಕ್ಕ ಹೊಸಾದು” ಎಂದರು. ಮೊದಲ ಸಾಲಿನಲ್ಲಿದ್ದ ಗಿರಿಜಕ್ಕ ಮೆಲ್ಲಗೆ ಎದ್ದರು.

“ಕುಲಕರ್ಣಿ ಸರ್, ನಮ್ಮ ಅತ್ತೆ ಕಳಿಸಿದ ಉಪ್ಪಿನಕಾಯಿ ಎಂತ ಆಯ್ತು?”

ಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಗಿರಿಜಕ್ಕ ಚೀಲದಿಂದ ಹಸಿರು ದಾರದ ಪ್ರತಿಯನ್ನು ತೆಗೆದು ಅವರ ಕೈಗೆ ಕೊಟ್ಟರು. “ಇದು ಸರಿಯಾದದ್ದು. ಓದಿ ತನ್ನಿ. ಭಾನುವಾರ ನಾನು ಇಲ್ಲೇ ಇರ್ತೇನೆ.”

ನಿಜಕ್ಕೂ ಅಲ್ಲೇ ಇದ್ದರು. ಫಲಕದ ಕೆಳಗಿನ ಕುರ್ಚಿಯಲ್ಲಿ, ಮಡಿಲಲ್ಲಿ ಯಾರದೋ ಸೀರೆ ಇಟ್ಟುಕೊಂಡು ಫಾಲ್ ಹಚ್ಚುತ್ತ. ಮೂರನೆಯ ಭಾನುವಾರ ಕುಲಕರ್ಣಿ ಸರ್ ಬಂದು ಮೇಜಿನ ಮುಂದೆ ನಿಂತರು. ಯಾರೂ ಕೇಳುವ ಮೊದಲೇ ಹೇಳತೊಡಗಿದರು.

“ಊರಿನವರೊಬ್ಬರ ಕೈಯಾಗ ತಾಯಿ ಭರಣಿ ಕಳಿಸಿದ್ರು. ಇವರು ಅದನ್ನ ತಗೊಂಡು ಲೋಕಲ್ ಹತ್ತಿದ್ರು. ಮುಂಬ್ರಾ ಸ್ಟೇಷನ್ನಿನ ಗದ್ದಲದಾಗ ಭರಣಿ ಒಡೀತು. ಇವರ ಬಾಯಿಗೆ ಒಂದು ಚೂರೂ ಬೀಳಲಿಲ್ಲ. ಆದ್ರೂ ತಾಯಿಗೆ ಫೋನ್ ಮಾಡಿ, ಭಾಳ ರುಚಿ ಅದ ಅಂತ…”

ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು, “ನಾನೂ ಹಂಗ ಮಾಡಿದ್ನಲ್ರೀ, ಅಕ್ಕಾರ” ಎಂದರು.

“ಅವರಿಗೆ ಗೊತ್ತಿತ್ತು ಸರ್.”

“ಬ್ಯಾಸರ ಮಾಡಿಕೊಂಡ್ರೇನು?”

“ಮಾಡಿಕೊಂಡ್ರು” ಎಂದರು ಗಿರಿಜಕ್ಕ, ಸೂಜಿಯನ್ನು ಸೀರೆಗೆ ಚುಚ್ಚಿಟ್ಟು. “ಆಮೇಲೆ ಒಂದು ದಿನ, ತಾನು ಉಪ್ಪಿನಕಾಯಿ ತಿನ್ನಲೇ ಇಲ್ಲ ಅಂತ ತನ್ನ ಅಮ್ಮನಿಗೂ ಗೊತ್ತಾಗಿತ್ತೋ ಏನೋ ಅಂತ ಹೇಳಿ ತುಂಬ ನಗಾಡಿದ್ರು.”

ಠಸ್ಸೆಯನ್ನು ಮೇಲೆತ್ತಿದರು. ಸರ್ ತಲೆ ತಗ್ಗಿಸಿ ನಿಂತಿದ್ದರು, ನಾನು ಮೂಲೆಯಲ್ಲಿ ಥರ್ಮಾಸ್ ಹಿಡಿದುಕೊಂಡು ಆ ಬೊಬ್ಬೆಗಾಗಿ ಕಾಯುತ್ತಿದ್ದೆ. ಗಿರಿಜಕ್ಕ ಕೂಗಲಿಲ್ಲ.

“ಓದಿದ್ದು” ಎಂದು ಮೆಲ್ಲಗೆ ಹೇಳಿ, ಠಸ್ಸೆ ಹೊಡೆದರು.